ಸೈಕಲ್ ಚಡ್ಡಿ: ನೋಟ ಪರರಿಚ್ಛೆಯೇ ಆಗಬೇಕೆ?

'ಊಟ ತನ್ನಿಚ್ಛೆ, ನೋಟ ಪರರಿಚ್ಛೆ' ಎಂಬುದು ನಮ್ಮಲ್ಲಿ ಹಳೆಯ ಗಾದೆ. ಉಣ್ಣುವುದು ನಮಗೆ ಒಗ್ಗುವಂತೆ, ಉಡುವುದು ನಾಲ್ಕು ಜನ ಒಪ್ಪುವಂತೆ ಇರಲಿ ಎಂದು ಇದರ ಅರ್ಥ. ಮದುವೆ ಮನೆಗೋ ಕಚೇರಿಗೋ ದೇವಸ್ಥಾನಕ್ಕೋ ಹೊರಟಾಗ ಈ ಮಾತು ಸರಿಯೇ. ಆದರೆ ಬೆಳಗಿನ ಐದೂವರೆಗೆ ಎದ್ದು ಸೈಕಲ್ ಏರಿ ಇಪ್ಪತ್ತು ಮೂವತ್ತು ಕಿಲೋಮೀಟರ್ ತುಳಿಯಲು ಹೊರಟವರಿಗೂ ಇದನ್ನೇ ಅನ್ವಯಿಸಿದರೆ ಏನಾಗುತ್ತದೆ? ನಾಲ್ಕು ಜನರ ಕಣ್ಣಿಗೆ ಹಿತವಾಗುವ ಬಟ್ಟೆ ತೊಡೆಸಂದಿಗೆ ಅಹಿತವಾಗುತ್ತದೆ. ಚರ್ಮ ಕೆಂಪಾಗುತ್ತದೆ, ಉರಿಯುತ್ತದೆ, ಕುರು ಏಳುತ್ತದೆ. ಎರಡು ವಾರದಲ್ಲಿ ಸೈಕಲ್ ಬಾಲ್ಕನಿ ಸೇರುತ್ತದೆ. ಅಲ್ಲಿಂದ ಮುಂದೆ ಅದರ ಹ್ಯಾಂಡಲ್ ಒದ್ದೆ ಟವೆಲ್ ಒಣಹಾಕಲು ಮಾತ್ರ ಉಪಯೋಗ.

2020ರ ಕೊರೊನಾ ದಿನಗಳ ನಂತರ ನಮ್ಮ ಊರುಗಳಲ್ಲಿ ಸೈಕಲ್ ಕೊಂಡ ಮಧ್ಯವಯಸ್ಕರು ಬಹಳ ಮಂದಿ. ಅವರಲ್ಲಿ ಎಷ್ಟೋ ಜನ ಇಂದು ಸೈಕಲ್ ಮುಟ್ಟುತ್ತಿಲ್ಲ. ಕಾರಣ ಕೇಳಿದರೆ ಸಮಯವಿಲ್ಲ ಎನ್ನುತ್ತಾರೆ, ನಾಯಿ ಕಾಟ ಎನ್ನುತ್ತಾರೆ, ರಸ್ತೆ ಸರಿಯಿಲ್ಲ ಎನ್ನುತ್ತಾರೆ. ಇವೆಲ್ಲ ನಿಜವೇ ಇರಬಹುದು. ಆದರೆ ಸ್ವಲ್ಪ ಸಲಿಗೆಯಿಂದ ವಿಚಾರಿಸಿದರೆ ಇನ್ನೊಂದು ಕಾರಣವೂ ಹೊರಬೀಳುತ್ತದೆ: 'ಕೂರೋ ಜಾಗದಲ್ಲಿ ತುಂಬಾ ನೋವು. ಸೈಕಲ್ ಚಡ್ಡಿ ಹಾಕಿಕೊಳ್ಳಿ ಅಂತಾರೆ, ಅದು ಮೈಗೆ ಅಂಟಿಕೊಂಡಿರುತ್ತೆ. ಈ ಹೊಟ್ಟೆ ಇಟ್ಟುಕೊಂಡು ಅದನ್ನು ಹಾಕಿಕೊಂಡು ಬೀದೀಲಿ ಹೇಗೆ ಹೋಗೋದು?'

ನಗುವ ಮಾತಲ್ಲ ಇದು. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ ನಮ್ಮ ದೇಶದಲ್ಲಿ ಸುಮಾರು 10.1 ಕೋಟಿ ಮಂದಿಗೆ ಸಕ್ಕರೆ ಕಾಯಿಲೆ ಇದೆಯೆಂದು ಅಂದಾಜು ಮಾಡಿದೆ. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಬಿರುಸಿನ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಮೈಭಾರವನ್ನು ಸೀಟು ಹೊರುವುದರಿಂದ ಓಡಲಾರದ ಮಂಡಿಗಳಿಗೂ ಸೈಕಲ್ ತುಳಿತ ಸಾಮಾನ್ಯವಾಗಿ ಒಗ್ಗುತ್ತದೆ. ಇಂಥ ವ್ಯಾಯಾಮವನ್ನು ಒಂದು ಚಡ್ಡಿಯ ಸಂಕೋಚಕ್ಕಾಗಿ ಕೈಬಿಡುವುದು ದೊಡ್ಡ ನಷ್ಟ. ಸಂಕೋಚವನ್ನೂ ಉಳಿಸಿಕೊಂಡು ಚರ್ಮವನ್ನೂ ಕಾಪಾಡಿಕೊಳ್ಳುವ ದಾರಿ ಇದೆ. ಅದನ್ನು ಹೇಳುವುದೇ ಈ ವಾರದ ಉದ್ದೇಶ.

ಸೀಟಿನ ಮೇಲೆ ನಡೆಯುವುದೇನು?

ನಾವು ಕುರ್ಚಿಯಲ್ಲಿ ಕುಳಿತಾಗ ಮೈಭಾರ ಪೃಷ್ಠ ಮತ್ತು ತೊಡೆಗಳ ಮೇಲೆ ಹರಡಿಕೊಳ್ಳುತ್ತದೆ. ಸೈಕಲ್ ಸೀಟು ಕಿರಿದು. ಅಲ್ಲಿ ಭಾರ ಹೆಚ್ಚಾಗಿ ಬೀಳುವುದು ಸೊಂಟದ ಎಲುಬುಗೂಡಿನ ತಳದಲ್ಲಿರುವ ಎರಡು ಗಡುಸು ಮೂಳೆಗಳ ಮೇಲೆ. ಗಟ್ಟಿ ಮೆಟ್ಟಿಲ ಮೇಲೆ ಕುಳಿತು ಅಂಗೈಯನ್ನು ಕೆಳಗೆ ಇಟ್ಟರೆ ಅವು ನಿಮಗೇ ತಿಳಿಯುತ್ತವೆ. ಅವನ್ನು ಕೂರುವ ಮೂಳೆಗಳು ಎನ್ನೋಣ. ಭಾರ ಹೊರಲೆಂದೇ ಇರುವ ಮೂಳೆಗಳು ಅವು, ಕೆಲವು ದಿನ ನೊಂದರೂ ಹೊಂದಿಕೊಳ್ಳುತ್ತವೆ. ಆದರೆ ಅವುಗಳ ನಡುವಿನ ಮೆತ್ತನೆಯ ಭಾಗ ಹಾಗಲ್ಲ. ಅಲ್ಲಿ ಜನನಾಂಗಗಳಿಗೆ ಹೋಗುವ ನರ, ರಕ್ತನಾಳಗಳಿವೆ. ಬಹಳ ಹೊತ್ತು ಒತ್ತಿದರೆ ಜೋಮು ಹಿಡಿಯುತ್ತದೆ.

ಒತ್ತಡದ ಜೊತೆಗೆ ಉಜ್ಜಾಟವೂ ಇದೆ. ನಿಮಿಷಕ್ಕೆ 60 ಬಾರಿ ಪೆಡಲ್ ತಿರುಗಿತೆನ್ನಿ, ಒಂದು ಗಂಟೆಗೆ 3,600 ಸುತ್ತು. ಪ್ರತಿ ಸುತ್ತಿನಲ್ಲೂ ಎರಡೂ ತೊಡೆಗಳು ಸೀಟಿನ ಮೂತಿಯನ್ನು ಸವರಿಕೊಂಡು ಹೋಗುತ್ತವೆ. ಮೂರನೆಯದು ಬೆವರು. ಒದ್ದೆಯಾದ ಚರ್ಮ ಒಣಗಿದ ಚರ್ಮಕ್ಕಿಂತ ಬೇಗ ಕಿತ್ತುಬರುತ್ತದೆ. ಉಜ್ಜಿ ಗಾಯವಾದ ಕೂದಲ ಬುಡಕ್ಕೆ ಬ್ಯಾಕ್ಟೀರಿಯಾ ಸೇರಿದರೆ ಕುರು. ಬೆವರಿನ ಸಂದಿಯಲ್ಲಿ ಶಿಲೀಂಧ್ರ ಬೆಳೆದರೆ ಗಜಕರ್ಣ. ಮೈಸೂರು ಕಡೆಯವರು ಹುಳುಕಡ್ಡಿ ಎನ್ನುವುದು ಇದನ್ನೇ.

ಈಗ ನಿಮ್ಮ ಮಾಮೂಲಿ ಬಟ್ಟೆಯನ್ನು ನೋಡಿ. ಜೀನ್ಸ್ ಪ್ಯಾಂಟಿನ ನಾಲ್ಕು ಹೊಲಿಗೆಗಳು ಬಂದು ಕೂಡುವ ದಪ್ಪ ಗಂಟು ನೀವು ಕೂರುವ ಜಾಗದಲ್ಲೇ ಇದೆ. ಹತ್ತಿಯ ಒಳಚಡ್ಡಿ ಬೆವರನ್ನು ಹೀರಿ ಅಲ್ಲೇ ಇಟ್ಟುಕೊಳ್ಳುತ್ತದೆ, ಅದರ ಅಂಚಿನ ಎಲಾಸ್ಟಿಕ್ ತೊಡೆಸಂದಿಗೆ ದಾರದಂತೆ ಕೊಯ್ಯುತ್ತದೆ. ಸಡಿಲವಾದ ಪೈಜಾಮ ಮಡಿಕೆಯಾಗಿ ಸುರುಳಿ ಸುತ್ತಿಕೊಳ್ಳುತ್ತದೆ. ಹತ್ತಿ ಒಳ್ಳೆಯದು, ಸಡಿಲ ಬಟ್ಟೆ ಆರೋಗ್ಯಕರ ಎಂದು ನಾವು ವೈದ್ಯರು ಹೇಳುತ್ತಲೇ ಬಂದಿದ್ದೇವೆ. ನಮ್ಮ ಸೆಖೆಗೆ ಆ ಮಾತು ಸರಿ. ಸೈಕಲ್ ಸೀಟಿನ ಮೇಲೆ ಕಳೆಯುವ ಎರಡು ಗಂಟೆಗೆ ಮಾತ್ರ ಅದು ಒಪ್ಪುವುದಿಲ್ಲ.

ಬಿಗಿ ಯಾಕೆ?

ಲೈಕ್ರಾ ಎಂಬುದು ವಾಸ್ತವವಾಗಿ ಒಂದು ವ್ಯಾಪಾರಿ ಹೆಸರು. ಡುಪಾಂಟ್ ಕಂಪನಿಯ ರಸಾಯನಶಾಸ್ತ್ರಜ್ಞ ಜೋಸೆಫ್ ಶಿವರ್ಸ್ 1958ರಲ್ಲಿ ರೂಪಿಸಿದ ಹಿಗ್ಗುವ ನೂಲು ಅದು. ನೂಲಿನ ಸಾಮಾನ್ಯ ಹೆಸರು ಸ್ಪ್ಯಾಂಡೆಕ್ಸ್ ಅಥವಾ ಎಲಾಸ್ಟೇನ್. ಎಳೆದರೆ ತನ್ನ ಉದ್ದದ ಹಲವು ಪಟ್ಟು ಹಿಗ್ಗಿ, ಬಿಟ್ಟರೆ ಮೊದಲಿನಂತಾಗುವುದು ಅದರ ಗುಣ. ಚಡ್ಡಿಯಲ್ಲಿ ಇದರ ಪಾಲು ಕಡಿಮೆ, ಹೆಚ್ಚಿನ ಭಾಗ ನೈಲಾನ್ ಇಲ್ಲವೇ ಪಾಲಿಯೆಸ್ಟರ್. ಇದು ಬರುವ ಮುಂಚೆ ಪಂದ್ಯದ ಸೈಕಲ್ ಸವಾರರು ಉಣ್ಣೆಯ ಚಡ್ಡಿ ತೊಡುತ್ತಿದ್ದರು. ಕೂರುವ ಜಾಗಕ್ಕೆ ಶಾಮ್ವಾ ಎಂಬ ಬೆಟ್ಟದ ಮೇಕೆಯ ಮೆದುವಾದ ತೊಗಲನ್ನು ಹೊಲಿಸಿಕೊಳ್ಳುತ್ತಿದ್ದರು. ಇಂದಿನ ಚಡ್ಡಿಯಲ್ಲಿ ತೊಗಲಿನ ಬದಲು ಫೋಮಿನ ಪ್ಯಾಡ್ ಇದೆ.

ಅಂದರೆ ಬಿಗಿಯಾದ ಚಡ್ಡಿ ಮೈ ತೋರಿಸಲು ಹುಟ್ಟಿದ್ದಲ್ಲ. ಚರ್ಮಕ್ಕೆ ಅಂಟಿಕೊಂಡ ಬಟ್ಟೆ ಚರ್ಮದ ಜೊತೆಗೇ ಸರಿಯುತ್ತದೆ. ಆಗ ಉಜ್ಜಾಟ ಬಟ್ಟೆಗೂ ಸೀಟಿಗೂ ನಡುವೆ ನಡೆಯುತ್ತದೆಯೇ ಹೊರತು ಬಟ್ಟೆಗೂ ಚರ್ಮಕ್ಕೂ ನಡುವೆ ಅಲ್ಲ. ಮಡಿಕೆ ಬೀಳುವುದಿಲ್ಲ, ಪ್ಯಾಡ್ ಇದ್ದ ಜಾಗದಲ್ಲೇ ಇರುತ್ತದೆ. ಬೆವರು ಬಟ್ಟೆಯ ಹೊರಮೈಗೆ ಹರಡಿ ಬೇಗ ಆರುತ್ತದೆ. ಕಾಲಿನ ಗಾಯಕ್ಕೆ ಕಟ್ಟುವ ಬ್ಯಾಂಡೇಜು ಬಿಗಿಯಾಗಿದೆಯೆಂದು ಯಾರೂ ನಾಚುವುದಿಲ್ಲ. ಇದನ್ನೂ ಹಾಗೆಯೇ ನೋಡಿದರೆ ಅರ್ಧ ಮುಜುಗರ ಕಳೆಯುತ್ತದೆ.

ಎಲ್ಲರಿಗೂ ಬೇಕಾಗಿಲ್ಲ

ಮೊದಲೇ ಒಂದು ಮಾತು. ಹಾಲು ತರಲು, ತರಕಾರಿಗೆ, ನಾಲ್ಕೈದು ಕಿಲೋಮೀಟರ್ ದೂರದ ಕೆಲಸಕ್ಕೆ ಸೈಕಲ್ ಬಳಸುವವರಿಗೆ ಪ್ಯಾಡ್ ಚಡ್ಡಿ ಅನಾವಶ್ಯಕ. ಬೆನ್ನು ನೆಟ್ಟಗಿಟ್ಟು ಅಗಲ ಸೀಟಿನ ಮೇಲೆ ಅರ್ಧ ಗಂಟೆಯೊಳಗೆ ತುಳಿದು ಇಳಿಯುವವರು ಹೊಲಿಗೆ ಚುಚ್ಚದ ಯಾವುದಾದರೂ ಬಟ್ಟೆ ತೊಟ್ಟರೆ ಸಾಕು. ಪಂಚೆಯನ್ನು ಮೇಲೆ ಕಟ್ಟಿ ಜೀವಮಾನವಿಡೀ ಸೈಕಲ್ ತುಳಿದ ಹಾಲಿನವರು, ಅಂಚೆಯವರು ನಮ್ಮ ಕಣ್ಣ ಮುಂದೆಯೇ ಇದ್ದಾರೆ. ಅವರ ಸೈಕಲ್ಲೂ ಬೇರೆ, ಕೂರುವ ಭಂಗಿಯೂ ಬೇರೆ, ನಡುನಡುವೆ ಇಳಿದು ಹತ್ತುವುದರಿಂದ ವಿಶ್ರಾಂತಿಯೂ ಉಂಟು.

ಒಂದೇ ಸಮನೆ ಮುಕ್ಕಾಲು ಗಂಟೆಗಿಂತ ಹೆಚ್ಚು ತುಳಿಯುವವರಿಗೆ, ಹ್ಯಾಂಡಲಿನ ಮೇಲೆ ಬಾಗಿ ಕೂರುವ ಕಿರಿದಾದ ಸೀಟಿನ ಸೈಕಲ್ ಉಳ್ಳವರಿಗೆ, ಬೇಗ ಬೆವರುವವರಿಗೆ, ತೊಡೆ ದಪ್ಪಗಿದ್ದು ನಡೆದರೂ ಉಜ್ಜುವವರಿಗೆ ಇದು ಬೇಕು. ಮೈಸೂರಿನಿಂದ ಚಾಮುಂಡಿ ಬೆಟ್ಟಕ್ಕೋ ಬೆಂಗಳೂರಿನಿಂದ ನಂದಿ ಬೆಟ್ಟಕ್ಕೋ ಹೋಗಿ ಬರುವ ಹುಮ್ಮಸ್ಸಿದ್ದರಂತೂ ಬೇಕೇ ಬೇಕು.

ನಾಚಿಕೆಯ ವಿಷಯ

ನಾಚಿಕೆ ಪಡುವವರನ್ನು 'ಹಳೇ ಕಾಲದವರು' ಎಂದು ಗೇಲಿ ಮಾಡುವವರಿದ್ದಾರೆ. ಅದು ತಪ್ಪು. ತನ್ನ ಮೈ ನಾಲ್ಕು ಜನರ ಕಣ್ಣಿಗೆ ಎಷ್ಟು ಬೀಳಬೇಕು ಎಂದು ತೀರ್ಮಾನಿಸುವ ಹಕ್ಕು ಪ್ರತಿಯೊಬ್ಬರದು. ಬೀದಿಯಲ್ಲಿ ಹೆಣ್ಣುಮಕ್ಕಳ ಮೇಲೆ ಬೀಳುವ ಕಣ್ಣು, ಮಾತು ಎಂಥವು ಎಂಬುದು ಎಲ್ಲರಿಗೂ ಗೊತ್ತಿರುವುದೇ. 'ಧೈರ್ಯ ಮಾಡಿ' ಎಂದು ಉಪದೇಶಿಸುವುದು ಸುಲಭ, ಮುಂಜಾನೆಯ ನಿರ್ಜನ ರಸ್ತೆಯಲ್ಲಿ ಒಬ್ಬಳೇ ಹೋಗುವ ಹೆಂಗಸಿಗೆ ಅಷ್ಟು ಸುಲಭವಲ್ಲ. ಗಂಡಸರಿಗೂ ಮುಜುಗರ ಉಂಟು, ಹೇಳಿಕೊಳ್ಳುವುದಿಲ್ಲ ಅಷ್ಟೆ.

ಆದರೆ ಕೆಲಸಕ್ಕೆ ತಕ್ಕ ಉಡುಪು ನಮ್ಮವರಿಗೆ ಹೊಸದೇನಲ್ಲ. ಗರಡಿ ಮನೆಯ ಪೈಲ್ವಾನರು ಲಂಗೋಟಿ ಬಿಗಿದೇ ಅಖಾಡಕ್ಕೆ ಇಳಿಯುತ್ತಾರೆ, ಮೈಸೂರು ದಸರಾ ಕುಸ್ತಿಯನ್ನು ಸಾವಿರಾರು ಜನ ನೋಡುತ್ತಾರೆ. ಉತ್ತರ ಕರ್ನಾಟಕದ ಹೆಂಗಸರು ಹೊಲದ ಕೆಲಸಕ್ಕೆ ಸೀರೆಯನ್ನು ಕಚ್ಚೆ ಹಾಕಿ ಉಡುತ್ತಿದ್ದುದೂ ಕಾಲು ಬಿಡುಬೀಸಾಗಿ ಆಡಲೆಂದೇ. ಯೂರೋಪು, ಅಮೆರಿಕಗಳಲ್ಲಿ 1890ರ ದಶಕದಲ್ಲಿ ಹೆಂಗಸರು ಸೈಕಲ್ ಏರಿದಾಗ ನೆಲ ಗುಡಿಸುವ ಲಂಗ ಚಕ್ರಕ್ಕೆ ಸಿಕ್ಕುತ್ತಿತ್ತು. ಅದನ್ನು ಬಿಟ್ಟು ಬ್ಲೂಮರ್ ಎಂಬ ದೊಗಲೆ ಚಲ್ಲಣ ತೊಟ್ಟವರನ್ನು ಅಲ್ಲಿನ ಪತ್ರಿಕೆಗಳು ಲೇವಡಿ ಮಾಡಿದವು. ಇಂದು ಆ ಬ್ಲೂಮರ್ ನೋಡಿದರೆ ಯಾರಿಗಾದರೂ ಅತಿ ಮರ್ಯಾದೆಯ ಉಡುಪೆನಿಸೀತು. ನಮ್ಮಲ್ಲೇ, 2006-07ರಲ್ಲಿ ಸರ್ಕಾರ ಶಾಲಾ ಮಕ್ಕಳಿಗೆ ಸೈಕಲ್ ಕೊಡತೊಡಗಿದ ಮೇಲೆ ಹೆಣ್ಣುಮಕ್ಕಳು ಸಾಲಾಗಿ ಸೈಕಲ್ ತುಳಿದು ಹೈಸ್ಕೂಲಿಗೆ ಹೋಗುವುದು ಹಳ್ಳಿ ರಸ್ತೆಗಳ ದಿನನಿತ್ಯದ ನೋಟವಾಯಿತು. ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಹುಡುಗಿಯರು ಇದೇ ಬಿಗಿ ಚಡ್ಡಿ ತೊಟ್ಟು ರಾಷ್ಟ್ರಮಟ್ಟದ ಪಂದ್ಯಗಳಿಗೆ ಹೋಗುತ್ತಾರೆ. ಕಣ್ಣು ರೂಢಿಯಾಗುವವರೆಗೆ ಮಾತ್ರ ಎಲ್ಲವೂ ವಿಚಿತ್ರ.

ಆ ರೂಢಿ ಬರುವವರೆಗೆ ಕಾಯಬೇಕೇ? ಬೇಡ. ನಾಚಿಕೆ ಇರಲಿ, ಸೈಕಲ್ಲೂ ಇರಲಿ.

ಬಿಗಿ ಒಳಗೆ, ಸಡಿಲ ಹೊರಗೆ

ಬಿಗಿಯಾದ ಪದರ ಚರ್ಮಕ್ಕೆ ಬೇಕು. ನೋಡುವವರಿಗೆ ಅದು ಕಾಣಲೇಬೇಕೆಂಬ ನಿಯಮವಿಲ್ಲ. ಇಷ್ಟು ತಿಳಿದರೆ ಸಮಸ್ಯೆ ಮುಕ್ಕಾಲು ಪಾಲು ಬಗೆಹರಿಯಿತು. ನಿಮ್ಮ ಮುಂದಿರುವ ದಾರಿಗಳು ಇವು:

ಮೊದಲನೆಯದು, ಪ್ಯಾಡ್ ಇರುವ ಒಳಚಡ್ಡಿ. ಇದು ತೆಳುವಾದ ಬಲೆಬಟ್ಟೆಯದು. ಇದರ ಮೇಲೆ ನಿಮ್ಮ ಮಾಮೂಲಿ ಬರ್ಮುಡಾ, ಟ್ರ್ಯಾಕ್ ಪ್ಯಾಂಟ್ ಯಾವುದನ್ನಾದರೂ ತೊಡಬಹುದು. ಸೈಕಲ್ಲಿನಲ್ಲೇ ಕಚೇರಿಗೆ ಹೋಗುವವರಿಗೂ ಇದು ಅನುಕೂಲ. ನೆನಪಿಡಿ, ಇದನ್ನು ಒಂದೇ ತೊಟ್ಟು ಹೊರಗೆ ಹೋಗುವಂತಿಲ್ಲ, ಬಟ್ಟೆ ಬಹಳ ತೆಳು.

ಎರಡನೆಯದು, ಬೆಟ್ಟಗುಡ್ಡದ ಸೈಕಲ್ ಸವಾರರು ಬಳಸುವ ದೊಗಲೆ ಚಡ್ಡಿ. ಹೊರಗಿನಿಂದ ಸಾಧಾರಣ ಅರ್ಧ ಪ್ಯಾಂಟಿನಂತೆ ಕಾಣುತ್ತದೆ, ಮಂಡಿಯವರೆಗೆ ಬರುತ್ತದೆ, ಜೇಬೂ ಇರುತ್ತದೆ. ಕೆಲವಕ್ಕೆ ಒಳಗೆ ಪ್ಯಾಡಿನ ಪದರ ಜೋಡಿಸಿಯೇ ಇರುತ್ತದೆ, ಕೆಲವಕ್ಕೆ ಬೇರೆ ಕೊಳ್ಳಬೇಕು.

ಮೂರನೆಯದು, ಪಾದದ ಗಂಟಿನವರೆಗೆ ಬರುವ ಪ್ಯಾಡ್ ಪ್ಯಾಂಟ್. ಕಾಲು ಕಾಣಬಾರದು ಎನ್ನುವವರಿಗೆ ಇದು ತಕ್ಕದ್ದು. ಲೆಗಿಂಗ್ಸ್‌ಗೆ ಒಗ್ಗಿಕೊಂಡಿರುವ ನಮ್ಮ ಹೆಣ್ಣುಮಕ್ಕಳಿಗೆ ಇದು ಹೊಸತೆನಿಸದು. ಮೇಲೆ ತೊಡೆಯವರೆಗಿನ ಗಿಡ್ಡ ಕುರ್ತಾ ಅಥವಾ ಉದ್ದ ಟೀ ಶರ್ಟ್ ತೊಟ್ಟರೆ ಮುಗಿಯಿತು. ಬಿಸಿಲಿನಿಂದ ಕಾಲಿಗೆ ರಕ್ಷಣೆಯೂ ಆಯಿತು. ಪ್ಯಾಡ್ ಚಡ್ಡಿಯ ಮೇಲೆ ಧರಿಸುವ ಗಿಡ್ಡ ಲಂಗಗಳೂ ಸಿಗುತ್ತವೆ.

ನಾಲ್ಕನೆಯದು, ಭುಜದ ಪಟ್ಟಿ ಇರುವ ಚಡ್ಡಿ. ಇದನ್ನು ಪಂದ್ಯದವರ ಉಡುಪೆಂದು ಬದಿಗಿಡುವವರೇ ಹೆಚ್ಚು. ವಾಸ್ತವದಲ್ಲಿ ಹೊಟ್ಟೆ ಇರುವವರಿಗೆ ಇದು ಎಲ್ಲಕ್ಕಿಂತ ಹಿತ. ಸೊಂಟದ ಎಲಾಸ್ಟಿಕ್ ಇಲ್ಲದ್ದರಿಂದ ಬಾಗಿದಾಗ ಹೊಟ್ಟೆಯನ್ನು ಕೊಯ್ಯುವುದಿಲ್ಲ, ಹಿಂದೆ ಜಾರಿ ಬೆನ್ನು ಕಾಣಿಸುವುದಿಲ್ಲ. ಮೇಲೊಂದು ಸಡಿಲ ಅಂಗಿ, ಕೆಳಗೊಂದು ಬರ್ಮುಡಾ ತೊಟ್ಟರೆ ಒಳಗೇನಿದೆ ಎಂದು ಯಾರಿಗೂ ಗೊತ್ತಾಗದು.

ಹೊರಗಿನ ಸಡಿಲ ಬಟ್ಟೆಗೆ ಮಿತಿ ಇರಲಿ. ಕಾಲಿನ ಬಳಿ ಜೋಲುವ ಪೈಜಾಮ ಚೈನಿಗೆ ಸಿಕ್ಕಿಕೊಳ್ಳುತ್ತದೆ. ಗಂಟಿನ ಬಳಿ ಪಟ್ಟಿ ಕಟ್ಟಿ, ಇಲ್ಲವೇ ಕಾಲುಚೀಲದೊಳಗೆ ಸೇರಿಸಿ. ದುಪಟ್ಟಾವನ್ನಂತೂ ಮನೆಯಲ್ಲೇ ಬಿಡಿ. ಚಕ್ರಕ್ಕೆ ಸಿಕ್ಕಿದ ದುಪಟ್ಟಾ ಕುತ್ತಿಗೆಗೆ ಬಿಗಿದ ಅನಾಹುತಗಳು ನಮ್ಮ ದೇಶದಲ್ಲಿ ಬೇಕಾದಷ್ಟಾಗಿವೆ. ಅದಿಲ್ಲದೆ ಹೊರಡಲು ಮನಸ್ಸಾಗದಿದ್ದರೆ ಮೇಲೊಂದು ತೆಳು ಜಾಕೆಟ್ ತೊಡಿ.

ಕೊಳ್ಳುವಾಗ

ದಪ್ಪ ಪ್ಯಾಡ್ ಎಂದರೆ ಒಳ್ಳೆಯ ಪ್ಯಾಡ್ ಎಂಬ ನಂಬಿಕೆ ಬಿಡಿ. ದಿಂಬಿನಂಥ ಮೆತ್ತನೆ ಪ್ಯಾಡ್ ಅಂಗಡಿಯಲ್ಲಿ ಸುಖವೆನಿಸುತ್ತದೆ, ರಸ್ತೆಯಲ್ಲಿ ಮುದುಡಿ ಸಂದಿಗೆ ಸೇರುತ್ತದೆ. ಹೆಬ್ಬೆರಳಿನಿಂದ ಒತ್ತಿ ನೋಡಿ. ಸ್ವಲ್ಪ ಗಟ್ಟಿಯಾಗಿದ್ದು, ಬಿಟ್ಟ ತಕ್ಷಣ ಮೇಲೆದ್ದರೆ ಒಳ್ಳೆಯದು. ಕೂರುವ ಮೂಳೆಗಳ ಜಾಗದಲ್ಲಿ ದಪ್ಪ, ಅಂಚಿಗೆ ಹೋದಂತೆ ತೆಳು ಇರಬೇಕು. ಒಳಭಾಗವನ್ನು ಹೊರತಿರುಗಿಸಿ ಬೆರಳಾಡಿಸಿ. ಕೂರುವ ಜಾಗದ ನಡುವೆ ಉಬ್ಬಿದ ಹೊಲಿಗೆ ಬೆರಳಿಗೆ ತಾಗಿದರೆ ಅದು ಬೇಡ.

ಸೊಂಟದ ಅಳತೆಯೊಂದೇ ಸಾಲದು. ಪೃಷ್ಠದ ಸುತ್ತಳತೆ, ತೊಡೆಯ ಸುತ್ತಳತೆಯನ್ನೂ ಟೇಪಿನಿಂದ ಅಳೆದು ಕಂಪನಿಯ ಅಳತೆ ಪಟ್ಟಿಗೆ ಹೋಲಿಸಿ. ಕಂಪನಿಯಿಂದ ಕಂಪನಿಗೆ ಅಳತೆ ಬೇರೆ. ಒಂದರಲ್ಲಿ ಎಂ ಆದವರು ಇನ್ನೊಂದರಲ್ಲಿ ಎಕ್ಸ್‌ಎಲ್ ಆದರೆ ಅವಮಾನವೇನಿಲ್ಲ, ಒಳಗಿನ ಚೀಟಿ ಯಾರೂ ಓದುವುದಿಲ್ಲ. ನಾಚಿಕೆಯಿಂದ ಒಂದು ಅಳತೆ ದೊಡ್ಡದು ಕೊಳ್ಳುವವರಿದ್ದಾರೆ. ಅದು ಸಡಿಲವಾಗಿ ಪ್ಯಾಡ್ ಓಡಾಡಿ ಮೊದಲಿನ ಉಜ್ಜಾಟವೇ ಮರಳುತ್ತದೆ. ಸಡಿಲ ಬೇಕಾದರೆ ಹೊರಗಿನ ಬಟ್ಟೆಯಲ್ಲಿರಲಿ.

ತೊಟ್ಟು ನೋಡುವಾಗ ನೆಟ್ಟಗೆ ನಿಂತು ತೀರ್ಮಾನಿಸಬೇಡಿ. ಸೈಕಲ್ ಮೇಲಿದ್ದಂತೆ ಬಾಗಿ, ಒಂದು ಕಾಲು ಎತ್ತಿ ನೋಡಿ. ನಿಂತಾಗ ಮುಂದೆ ತುಸು ಎಳೆದಂತೆ, ಹಿಂದೆ ಡೈಪರ್ ಕಟ್ಟಿದಂತೆ ಅನಿಸುವುದು ಸಹಜ. ಬಾಗಿದಾಗ ಸರಿಹೋದರೆ ಅದು ನಿಮ್ಮದೇ. ತೊಡೆಯ ಅಂಚಿನ ಹಿಡಿತದ ಪಟ್ಟಿ ಮಾಂಸವನ್ನು ಒತ್ತಿ ಮಡಿಕೆ ಮಾಡಬಾರದು. ಅಗಲ ಪಟ್ಟಿ ಇದ್ದಷ್ಟೂ ಒತ್ತಡ ಹಂಚಿಹೋಗುತ್ತದೆ, ನೋಟಕ್ಕೂ ಚೆನ್ನ.

ಮುಜುಗರ ಉಳ್ಳವರು ಬಣ್ಣ ಕಪ್ಪನ್ನೇ ಆರಿಸಿ. ಬೆವರಿನ ಕಲೆ, ಗ್ರೀಸಿನ ಕಲೆ ಕಾಣುವುದಿಲ್ಲ, ಉಬ್ಬುತಗ್ಗು ಎದ್ದು ತೋರುವುದಿಲ್ಲ. ಬಟ್ಟೆಯ ಒಳಗೆ ಕೈಯಿಟ್ಟು ಬೆಳಕಿಗೆ ಹಿಡಿದು ಎಳೆದು ನೋಡಿ, ಅಂಗೈ ಕಂಡರೆ ಬಾಗಿದಾಗ ಮೈಯೂ ಕಾಣುತ್ತದೆ. ಹಳೆಯ ಚಡ್ಡಿ ಹಿಂಭಾಗದಲ್ಲಿ ಸವೆದು ಪಾರದರ್ಶಕವಾಗುವುದನ್ನು ತೊಟ್ಟವರು ತಾವಾಗಿ ಕಾಣಲಾರರು, ಆಗಾಗ ಇದೇ ಪರೀಕ್ಷೆ ಮಾಡಿ. ಕತ್ತಲಲ್ಲಿ ಕಪ್ಪು ಬಟ್ಟೆ ವಾಹನದವರಿಗೆ ಕಾಣದು, ಆದ್ದರಿಂದ ಮೇಲಂಗಿ ಹೊಳೆಯುವ ಬಣ್ಣದ್ದಿರಲಿ, ಸೈಕಲ್ಲಿಗೆ ದೀಪವಿರಲಿ.

ಬೆಲೆ ಕೆಲವು ನೂರು ರೂಪಾಯಿಗಳಿಂದ ಹಲವು ಸಾವಿರದವರೆಗೂ ಇದೆ. ಹೊಸಬರಿಗೆ ಅತಿ ದುಬಾರಿಯದು ಬೇಕಿಲ್ಲ. ಆದರೆ ಒಂದನ್ನೇ ದಿನವೂ ತೊಡುವ ಬದಲು ಮಧ್ಯಮ ಬೆಲೆಯ ಎರಡು ಕೊಳ್ಳಿ. ಯಾಕೆಂಬುದನ್ನು ಮುಂದೆ ಹೇಳುತ್ತೇನೆ.

ಯಾರೂ ಕೇಳದ ಪ್ರಶ್ನೆ

ಇದರೊಳಗೆ ಒಳಉಡುಪು ಹಾಕಬೇಕೇ? ಬೇಡ. ಅಂಗಡಿಯವರೂ ಹೇಳುವುದಿಲ್ಲ, ಕೊಳ್ಳುವವರೂ ಕೇಳುವುದಿಲ್ಲ. ಪ್ಯಾಡ್ ಚಡ್ಡಿಯನ್ನು ಚರ್ಮಕ್ಕೆ ನೇರವಾಗಿ ತೊಡಲೆಂದೇ ಮಾಡಿರುತ್ತಾರೆ. ಒಳಗೆ ಇನ್ನೊಂದು ಚಡ್ಡಿ ಸೇರಿಸಿದರೆ ಅದರ ಹೊಲಿಗೆ, ಅದರ ಬೆವರು ಮತ್ತೆ ಚರ್ಮಕ್ಕೇ ಬಂತು, ದುಡ್ಡು ದಂಡ. ಅಂಗಡಿಯಲ್ಲಿ ತೊಟ್ಟು ನೋಡುವಾಗ ಮಾತ್ರ ಒಳಉಡುಪು ಇರಲಿ. ಅದು ಶುಚಿತ್ವಕ್ಕೂ ಒಳ್ಳೆಯದು, ಮರ್ಯಾದೆಗೂ ಒಳ್ಳೆಯದು.

ಹೆಣ್ಣುಮಕ್ಕಳಿಗೆ ಎರಡು ಮಾತು ಹೆಚ್ಚು. ಹೆಂಗಸರ ಕೂರುವ ಮೂಳೆಗಳ ನಡುವಿನ ಅಂತರ ಸಾಮಾನ್ಯವಾಗಿ ಗಂಡಸರಿಗಿಂತ ಹೆಚ್ಚು. ಗಂಡನ ಅಥವಾ ಮಗನ ಚಡ್ಡಿಯಲ್ಲಿ ಹೊಂದಿಸಿಕೊಳ್ಳುವ ಮಿತವ್ಯಯ ಇಲ್ಲಿ ಬೇಡ, ಹೆಂಗಸರಿಗೆಂದೇ ಮಾಡಿದ ಪ್ಯಾಡ್ ಆರಿಸಿ. ಭುಜದ ಪಟ್ಟಿಯ ಚಡ್ಡಿಯಲ್ಲಿ ಮೂತ್ರಕ್ಕೆ ಹೋಗಬೇಕಾದರೆ ಮೇಲಂಗಿಯನ್ನೂ ಕಳಚಬೇಕಾಗಬಹುದು. ನಮ್ಮ ಹೆದ್ದಾರಿಗಳಲ್ಲಿ ಶೌಚಾಲಯದ ಪರಿಸ್ಥಿತಿ ಗೊತ್ತೇ ಇದೆ, ಆದ್ದರಿಂದ ಸೊಂಟದ ಪಟ್ಟಿಯದೇ ವಾಸಿ. ಶೌಚಾಲಯ ಸಿಗದೆಂದು ನೀರು ಕುಡಿಯದೆ ಹೊರಡುವುದು, ಮೂತ್ರ ತಡೆಯುವುದು ಎರಡೂ ಮೂತ್ರದ ಸೋಂಕಿಗೆ ಆಹ್ವಾನ. ಮುಟ್ಟಿನ ದಿನಗಳಲ್ಲಿ ಸೈಕಲ್ ಬಿಡಬೇಕಾಗಿಲ್ಲ. ಚಡ್ಡಿಯ ಪ್ಯಾಡಿನ ಮೇಲೆ ಸ್ಯಾನಿಟರಿ ಪ್ಯಾಡ್ ಸರಿದು ಉಜ್ಜುತ್ತದೆ ಎನ್ನುವವರಿಗೆ ಮುಟ್ಟಿನ ಬಟ್ಟಲು ಅನುಕೂಲ. ಹೆರಿಗೆಯಾದವರು ಹೊಲಿಗೆ ಪೂರ್ತಿ ಮಾಯ್ದು, ವೈದ್ಯರು ಒಪ್ಪಿದ ಮೇಲೆಯೇ ಸೈಕಲ್ ಹತ್ತಬೇಕು.

ಇಳಿದ ಮೇಲಿನ ಕೆಲಸ

ಚಡ್ಡಿ ಎಷ್ಟೇ ಒಳ್ಳೆಯದಿರಲಿ, ಅದನ್ನು ತೊಟ್ಟುಕೊಂಡೇ ಹೋಟೆಲಿನಲ್ಲಿ ಇಡ್ಲಿ ವಡೆ ತಿಂದು, ಮನೆಗೆ ಬಂದು ಪೇಪರ್ ಓದುತ್ತ ಕುಳಿತರೆ ಪ್ರಯೋಜನವಿಲ್ಲ. ಬೆವರಿನ ಪ್ಯಾಡ್ ಶಿಲೀಂಧ್ರಕ್ಕೆ ಹಾಸಿಗೆ. ಇಳಿದ ಕೂಡಲೇ ಕಳಚಿ, ಸ್ನಾನ ಮಾಡಿ, ತೊಡೆಸಂದನ್ನು ಚೆನ್ನಾಗಿ ಒರೆಸಿ ಒಣಗಿಸಿ. ಆಮೇಲೆ ಬೇಕಾದರೆ ನಮ್ಮ ಸಡಿಲ ಹತ್ತಿ ಬಟ್ಟೆ ತೊಟ್ಟು ಹಾಯಾಗಿರಿ.

ಒಮ್ಮೆ ತೊಟ್ಟ ಚಡ್ಡಿಯನ್ನು ಒಗೆಯದೆ ಇನ್ನೊಮ್ಮೆ ತೊಡಬಾರದು. ಎರಡು ಜೊತೆ ಬೇಕೆಂದದ್ದು ಇದಕ್ಕೇ. ಒಳಮೈ ಹೊರಗೆ ಮಾಡಿ, ತಣ್ಣೀರಿನಲ್ಲಿ, ಸೌಮ್ಯ ಸೋಪಿನಲ್ಲಿ ಒಗೆಯಿರಿ. ಒಗೆಯುವ ಕಲ್ಲಿಗೆ ಬಡಿಯಬೇಡಿ, ಬ್ಲೀಚಿಂಗ್ ಹಾಕಬೇಡಿ, ಬಟ್ಟೆ ಮೆದುಮಾಡುವ ದ್ರವ ಸೇರಿಸಬೇಡಿ. ಇವು ಹಿಗ್ಗುವ ನೂಲನ್ನು ಕೆಡಿಸುತ್ತವೆ, ಇಲ್ಲವೇ ಬಟ್ಟೆ ಬೆವರು ಹೀರುವ ಗುಣವನ್ನು ತಗ್ಗಿಸುತ್ತವೆ. ನೆರಳಲ್ಲಿ, ಗಾಳಿಯಾಡುವಲ್ಲಿ, ಪ್ಯಾಡ್ ಮೇಲ್ಮುಖವಾಗಿ ಒಣಹಾಕಿ. ಮಳೆಗಾಲದಲ್ಲಿ ಮಲೆನಾಡು, ಕರಾವಳಿಯವರು ಪ್ಯಾಡ್ ಒಳಗೂ ಒಣಗಿದೆಯೇ ಎಂದು ಕೈಯಿಂದ ಒತ್ತಿ ನೋಡಿಯೇ ತೊಡಬೇಕು. ಅರೆಒದ್ದೆ ಚಡ್ಡಿಗಿಂತ ಒಂದು ದಿನದ ರಜೆ ಮೇಲು.

ಉಜ್ಜುವ ಜಾಗಕ್ಕೆ ಹೊರಡುವ ಮುಂಚೆ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಅಥವಾ ಇದಕ್ಕೆಂದೇ ಸಿಗುವ ಕ್ರೀಂ ಸವರಬಹುದು. ಅಲ್ಲಿನ ಕೂದಲನ್ನು ಬ್ಲೇಡಿನಿಂದ ತೆಗೆಯುವ ಅಭ್ಯಾಸ ಒಳ್ಳೆಯದಲ್ಲ, ಮತ್ತೆ ಬೆಳೆಯುವಾಗ ಒಳಕ್ಕೆ ಸುರುಳಿಯಾಗಿ ಕುರು ಏಳಬಹುದು.

ತಪ್ಪು ಚಡ್ಡಿಯದೇ ಇರಬೇಕಿಲ್ಲ

ಒಳ್ಳೆಯ ಚಡ್ಡಿ ತೊಟ್ಟರೂ ನೋವು ಹೋಗದಿದ್ದರೆ ಸೀಟನ್ನು ನೋಡಿ. ಪೆಡಲ್ ಕೆಳಗಿದ್ದಾಗ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು, ಪಾದದ ಮುಂಭಾಗ ಇಟ್ಟು ತುಳಿಯುವಾಗ ಮಂಡಿ ಸ್ವಲ್ಪ ಬಾಗಿರಬೇಕು. ಸೀಟು ಹೆಚ್ಚು ಎತ್ತರವಿದ್ದರೆ ಪ್ರತಿ ತುಳಿತಕ್ಕೂ ಪೃಷ್ಠ ಅತ್ತಿತ್ತ ಜಾರಿ ಉಜ್ಜುತ್ತದೆ. ಸೀಟಿನ ಮೂತಿ ಮೇಲೆದ್ದಿದ್ದರೆ ಮೆತ್ತನೆಯ ಭಾಗಕ್ಕೆ ಒತ್ತು ಬೀಳುತ್ತದೆ, ಅದನ್ನು ಸಮತಟ್ಟು ಮಾಡಿಸಿ.

ಸೋಫಾದಂಥ ಅಗಲ ಮೆತ್ತೆ ಸೀಟು ಹಾಕಿಸಿದರೆ ಎಲ್ಲ ಸರಿಹೋಗುತ್ತದೆಂಬುದು ಇನ್ನೊಂದು ಭ್ರಮೆ. ದೂರ ಹೋಗುವವರಿಗೆ ಅದರಲ್ಲಿ ಮೂಳೆಗಳು ಹೂತು, ನಡುವಿನ ಭಾಗವೇ ಮೇಲೆ ಬಂದು ಒತ್ತಿಸಿಕೊಳ್ಳುತ್ತದೆ. ಸೀಟಿನ ಅಗಲ ನಿಮ್ಮ ಮೂಳೆಗಳಿಗೆ ತಕ್ಕಷ್ಟಿರಬೇಕು. ರಟ್ಟಿನ ಪೆಟ್ಟಿಗೆಯ ಒಂದು ತುಂಡನ್ನು ಗಟ್ಟಿ ಮೆಟ್ಟಿಲ ಮೇಲಿಟ್ಟು, ಮುಂದೆ ಬಾಗಿ ಕುಳಿತು ಎದ್ದರೆ ಎರಡು ಗುಳಿ ಮೂಡುತ್ತವೆ. ಅವುಗಳ ನಡುವಿನ ಅಂತರವನ್ನು ಅಳೆದು ಅಂಗಡಿಯವರಿಗೆ ಹೇಳಿದರೆ ಸೀಟು ಆರಿಸಲು ಸುಲಭ. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಪೆಡಲ್ ಮೇಲೆ ಎದ್ದು ನಿಂತು ಅರ್ಧ ನಿಮಿಷ ರಕ್ತ ಓಡಾಡಲು ಬಿಡಿ. ಹೊಸಬರಾದರೆ ಮೊದಲ ದಿನವೇ ಮೂವತ್ತು ಕಿಲೋಮೀಟರ್ ಬೇಡ, ದಿನ ಬಿಟ್ಟು ದಿನ ಸ್ವಲ್ಪ ಸ್ವಲ್ಪ ಹೆಚ್ಚಿಸಿ.

ವೈದ್ಯರಿಗೆ ಹೇಳಿ, ಮೆಡಿಕಲ್ ಶಾಪಿಗಲ್ಲ

ನಾಚಿಕೆ ನಿಜವಾಗಿ ಅಪಾಯ ತರುವುದು ಇಲ್ಲಿ. ತೊಡೆಸಂದಿನ ತುರಿಕೆಯನ್ನು ವೈದ್ಯರಿಗೆ ತೋರಿಸಲು ಮುಜುಗರಪಟ್ಟು, ಮೆಡಿಕಲ್ ಶಾಪಿನಲ್ಲಿ 'ತುರಿಕೆಗೆ ಒಂದು ಟ್ಯೂಬ್ ಕೊಡಿ' ಎಂದು ತಂದು ಹಚ್ಚಿಕೊಳ್ಳುವವರು ಅಸಂಖ್ಯ. ಅಂಥ ಎಷ್ಟೋ ಟ್ಯೂಬುಗಳಲ್ಲಿ ಸ್ಟಿರಾಯ್ಡ್ ಬೆರೆತಿರುತ್ತದೆ. ಎರಡು ದಿನ ತುರಿಕೆ ನಿಂತಂತೆ ಕಾಣುತ್ತದೆ, ಒಳಗೆ ಶಿಲೀಂಧ್ರ ಹರಡುತ್ತಲೇ ಇರುತ್ತದೆ, ಚರ್ಮ ತೆಳುವಾಗುತ್ತದೆ. ತಿಂಗಳುಗಟ್ಟಲೆ ವಾಸಿಯಾಗದೆ, ಮನೆಮಂದಿಗೆಲ್ಲ ಹಬ್ಬುವ ಗಜಕರ್ಣದ ಹಿಂದೆ ಹಲವು ಬಾರಿ ಇಂಥ ಟ್ಯೂಬ್ ಇರುತ್ತದೆ.

ಬರಿಯ ಕೆಂಪು, ಉರಿ ಇದ್ದರೆ ಎರಡು ಮೂರು ದಿನ ಸೈಕಲ್ ಬಿಟ್ಟರೆ ಸಾಕು. ಕುರು ಗಟ್ಟಿಯಾಗಿ ನೋಯುತ್ತಿದ್ದರೆ, ಕೀವು ಬಂದರೆ, ಜ್ವರ ಬಂದರೆ, ಅದೇ ಜಾಗದಲ್ಲಿ ಪದೇ ಪದೇ ಎದ್ದರೆ ವೈದ್ಯರಿಗೆ ತೋರಿಸಿ, ಹಿಸುಕಬೇಡಿ. ಸೈಕಲ್ ಇಳಿದು ಸ್ವಲ್ಪ ಹೊತ್ತಾದರೂ ಜನನಾಂಗದ ಜೋಮು ಹೋಗದಿದ್ದರೆ ಸವಾರಿ ನಿಲ್ಲಿಸಿ ತೋರಿಸಿಕೊಳ್ಳಿ. ಸಕ್ಕರೆ ಕಾಯಿಲೆಯವರಿಗೆ ಈ ಸೋಂಕುಗಳು ಬೇಗ ಹತ್ತುತ್ತವೆ, ನಿಧಾನ ಮಾಯುತ್ತವೆ. ಅವರು ಸಣ್ಣ ಗಾಯವನ್ನೂ ಅಲಕ್ಷಿಸಬಾರದು. ಸಕ್ಕರೆ ಇಳಿಸಲು ಸೈಕಲ್ ಬೇಕಾದವರೂ ಅವರೇ, ಆದ್ದರಿಂದ ಚಡ್ಡಿಯ ಬಗ್ಗೆ ಎಲ್ಲರಿಗಿಂತ ಹೆಚ್ಚು ಕಾಳಜಿ ಬೇಕಾದವರೂ ಅವರೇ.

ಮನೆಯವರಿಗೊಂದು ಮಾತು

ಬೀದಿಯ ಜನರ ಮಾತಿಗಿಂತ ಹೆಚ್ಚು ಚುಚ್ಚುವುದು ಮನೆಯ ಮಾತು. 'ಈ ವಯಸ್ಸಲ್ಲಿ ಇದೆಲ್ಲ ಬೇಕಾ?' ಎಂದು ಹೆಂಡತಿ ನಕ್ಕರೆ, 'ಅಮ್ಮಾ, ಅದನ್ನು ಹಾಕ್ಕೊಂಡು ನಮ್ಮ ಅಪಾರ್ಟ್‌ಮೆಂಟಿನ ಮುಂದೆ ಓಡಾಡಬೇಡ' ಎಂದು ಮಗ ಮುಖ ಸಿಂಡರಿಸಿದರೆ, ಆ ಸೈಕಲ್ ಮರುದಿನ ಹೊರಡುವುದಿಲ್ಲ. ರಕ್ತದೊತ್ತಡದ ಮಾತ್ರೆ ನೆನಪಿಸುವವರು, ಸಿಹಿ ತಿನ್ನಬೇಡಿ ಎಂದು ತಟ್ಟೆ ಎಳೆಯುವವರು ಇದನ್ನೂ ಔಷಧಿಯ ಲೆಕ್ಕಕ್ಕೆ ಸೇರಿಸಬೇಕು. ಸೈಕಲ್ ಕೊಡಿಸಲು ಹತ್ತಿಪ್ಪತ್ತು ಸಾವಿರ ಕೊಟ್ಟವರು ಚಡ್ಡಿಗೆ ಸಾವಿರ ಕೊಡಲು ಹಿಂದೆಮುಂದೆ ನೋಡಬಾರದು. ಮುಂದಿನ ಹುಟ್ಟುಹಬ್ಬಕ್ಕೆ ಅಪ್ಪನಿಗೋ ಅಮ್ಮನಿಗೋ ಶರ್ಟು, ಸೀರೆಯ ಬದಲು ಒಂದು ಪ್ಯಾಡ್ ಚಡ್ಡಿ, ಮೇಲೊಂದು ದೊಗಲೆ ಬರ್ಮುಡಾ ಕೊಟ್ಟು ನೋಡಿ.

ನಿಮಗಂತೂ ನನ್ನ ಸಲಹೆ ಇಷ್ಟೆ. ಬಿಗಿ ಬಟ್ಟೆ ಬೇಕೇ ಬೇಡವೇ ಎಂಬುದನ್ನು ನಿಮ್ಮ ಚರ್ಮ ತೀರ್ಮಾನಿಸಲಿ, ಅದನ್ನು ಎಷ್ಟು ಮುಚ್ಚಬೇಕೆಂಬುದನ್ನು ನಿಮ್ಮ ಮನಸ್ಸು ತೀರ್ಮಾನಿಸಲಿ. ಎರಡಕ್ಕೂ ಅವಕಾಶವಿದೆ. ಕೆಲವರು ಆರು ತಿಂಗಳ ನಂತರ ಮೇಲಿನ ಬರ್ಮುಡಾವನ್ನು ತಾವಾಗಿಯೇ ಬಿಟ್ಟುಬಿಡುತ್ತಾರೆ, ಕೆಲವರು ಎಂದೂ ಬಿಡುವುದಿಲ್ಲ. ಎರಡೂ ಸರಿ. ತಪ್ಪಾಗುವುದು ಸೈಕಲ್ಲನ್ನೇ ಬಿಟ್ಟಾಗ. ಉಡುಪು ನಾಲ್ಕು ಜನರ ಇಚ್ಛೆಗೆ ಇರಲಿ ಎಂದರು ಹಿರಿಯರು. ಸೀಟಿಗೆ ತಾಗುವ ಪದರದ ಮಟ್ಟಿಗೆ ಆ ನಾಲ್ಕು ಜನರನ್ನು ಕೇಳಬೇಕಾಗಿಲ್ಲ, ಅಲ್ಲಿ ನೋಯುವುದು ಅವರಿಗಲ್ಲ.